ಗೆರೆ ಎಳೆಯುವ ಹೊಣೆ ಮಕ್ಕಳ ಮೇಲೆ ಬೇಡ: ಕೆಂಗೇರಿಯ ಪೋಷಕರು ಮತ್ತು ವಿದ್ಯಾರ್ಥಿಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಶಾಲಾ ಶಿಕ್ಷಣ ಇಲಾಖೆ, ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಗಳ ಅಧಿಕಾರಿಗಳು; ಕೆಂಗೇರಿ, ಕೆಂಗೇರಿ ಉಪನಗರ ಹಾಗೂ ಮೈಸೂರು ರಸ್ತೆಯ ಆಸುಪಾಸಿನ ಶಾಲಾ ಕಾಲೇಜುಗಳ ಆಡಳಿತ ಮಂಡಳಿಗಳು, ಮುಖ್ಯ ಶಿಕ್ಷಕರು, ಪ್ರಾಂಶುಪಾಲರು.

ಮಾನ್ಯರೆ,

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲಿಗೆ ಬಂತು. ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡವೆಂದು ಆ ಜೂನ್‌ನಲ್ಲಿ ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮಗು ದಿನಕ್ಕೆ ಎಷ್ಟು ಹೊತ್ತು ಪರದೆ ನೋಡಬೇಕೆಂದು ನಾಡೆಲ್ಲ ಚರ್ಚಿಸಿತು. ಅದೇ ಪರದೆಯಲ್ಲಿ ಮೇಷ್ಟ್ರು ಯಾರಿಗೆ, ಯಾವ ಹೊತ್ತಿನಲ್ಲಿ, ಏನು ಬರೆಯಬಹುದು ಎಂಬ ಪ್ರಶ್ನೆ ಅಷ್ಟು ಗಟ್ಟಿಯಾಗಿ ಏಳಲಿಲ್ಲ. ಶಾಲೆಗಳು ತೆರೆದವು, ವಾಟ್ಸಾಪ್ ಗ್ರೂಪುಗಳು ಉಳಿದುಕೊಂಡವು.

2025ರ ಜುಲೈನಲ್ಲಿ ಮೂಡುಬಿದಿರೆಯ ಖಾಸಗಿ ಕಾಲೇಜೊಂದರ ಇಬ್ಬರು ಉಪನ್ಯಾಸಕರನ್ನೂ ಅವರ ಗೆಳೆಯನನ್ನೂ ವಿದ್ಯಾರ್ಥಿನಿಯ ಮೇಲಿನ ಅತ್ಯಾಚಾರ ಮತ್ತು ಬ್ಲ್ಯಾಕ್‌ಮೇಲ್ ಆರೋಪದಲ್ಲಿ ಬೆಂಗಳೂರಿನಲ್ಲಿ ಬಂಧಿಸಲಾಯಿತು. ಆರೋಪ ತೀರ್ಮಾನವಾಗಬೇಕಾದ್ದು ನ್ಯಾಯಾಲಯದಲ್ಲಿ. ಆದರೆ ಪೊಲೀಸರು ಹೇಳಿದ ಆ ಮೊದಲ ಹೆಜ್ಜೆ ನಮ್ಮನ್ನು ಬೆಚ್ಚಿಬೀಳಿಸಿತು: ನೋಟ್ಸ್ ಕೊಡುವ ನೆಪ, ಆಮೇಲೆ ಚಾಟ್. ನೋಟ್ಸ್ ಕಳಿಸುವ ಚಾಟ್ ಇಲ್ಲದ ವಿದ್ಯಾರ್ಥಿ ನಮ್ಮ ಮನೆಗಳಲ್ಲಿ ಇವತ್ತು ಯಾರಿದ್ದಾರೆ? ಆದ್ದರಿಂದ ಕೇಳುತ್ತಿದ್ದೇವೆ.

1. ಪ್ರತಿ ಸಂಸ್ಥೆಗೂ ಒಂದು ಪುಟದ ಲಿಖಿತ ನಿಯಮ ಬೇಕು, ಕನ್ನಡದಲ್ಲಿ. ರಾಜ್ಯದ ಮಕ್ಕಳ ರಕ್ಷಣಾ ನೀತಿ 2016ರಲ್ಲೇ ಬಂದಿದೆ. ಅದು ಕಪಾಟಿನಲ್ಲಿದ್ದರೆ ಸಾಲದು. ಫೋನ್, ವಾಟ್ಸಾಪ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಶಿಕ್ಷಕರು ವಿದ್ಯಾರ್ಥಿಗಳೊಂದಿಗೆ ಹೇಗಿರಬೇಕೆಂಬುದನ್ನು ದಾಖಲಾತಿಯ ದಿನವೇ ಓದಿ ಹೇಳಿ, ಪೋಷಕರು ಮತ್ತು ಶಿಕ್ಷಕರಿಬ್ಬರ ಸಹಿ ಪಡೆಯಬೇಕು. ಹದಿನೆಂಟರ ಒಳಗಿನವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮಗುವನ್ನು ಡಿಜಿಟಲ್ ಮಾರ್ಗದಲ್ಲಿ ಪದೇ ಪದೇ ಸಂಪರ್ಕಿಸುವುದೂ ಲೈಂಗಿಕ ಕಿರುಕುಳವೇ, ಆದರೆ ಅಲ್ಲಿ ಲೈಂಗಿಕ ಉದ್ದೇಶವಿರಬೇಕು. ಉದ್ದೇಶ ಬಯಲಾಗುವಷ್ಟರಲ್ಲಿ ಮಗು ಸಾಕಷ್ಟು ನೊಂದಿರುತ್ತದೆ. ಸಂಸ್ಥೆಯ ನಿಯಮ ಕಾಯ್ದೆಗಿಂತ ಎಷ್ಟೋ ಮುಂಚೆ ಕೆಲಸ ಮಾಡಬೇಕು.

2. ವೈಯಕ್ತಿಕ ಚಾಟ್ ನಿಲ್ಲಬೇಕು. ಪಾಠ, ನೋಟ್ಸ್, ವೇಳಾಪಟ್ಟಿ ಎಲ್ಲವೂ ಸಂಸ್ಥೆಯ ಅಧಿಕೃತ ಗ್ರೂಪಿನಲ್ಲಿಯೇ ಬರಲಿ. ಆ ಗ್ರೂಪಿನಲ್ಲಿ ಕನಿಷ್ಠ ಇಬ್ಬರು ಸಿಬ್ಬಂದಿ ಇರಲಿ, ಶಾಲೆಯಾದರೆ ಪೋಷಕರೂ ಇರಲಿ. ಸಂಜೆ ಏಳರ ಮೇಲೆ ಸಂದೇಶ ಬೇಡ. ತಾನಾಗಿ ಅಳಿಸಿಹೋಗುವ ಸಂದೇಶ ಬೇಡವೇ ಬೇಡ. ವಿದ್ಯಾರ್ಥಿಗಳ ಖಾಸಗಿ ಖಾತೆಗಳನ್ನು ಶಿಕ್ಷಕರು ಫಾಲೋ ಮಾಡುವುದು, ಸ್ಟೇಟಸ್ಸಿಗೆ ಹಾರ್ಟ್ ಒತ್ತುವುದು ಕೂಡ ಬೇಡ.

ಇದು ಅತಿಯಾಯಿತು ಎನ್ನುವವರಿಗೆ ಅಂಕಗಳ ಲೆಕ್ಕ ನೆನಪಿಸುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 20 ಅಂಕ ಶಾಲೆಯ ಕೈಯಲ್ಲಿದೆ. ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳಿಗೂ ಈಗ 20 ಆಂತರಿಕ ಅಂಕಗಳಿವೆ. ವಿಟಿಯು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 50. ಜೊತೆಗೆ ಹಾಜರಾತಿ. ರಾತ್ರಿ ಹತ್ತೂವರೆಗೆ ವಿದ್ಯಾರ್ಥಿನಿಯೊಬ್ಬಳಿಗೆ ಸರ್ ಕಡೆಯಿಂದ ‘ಊಟ ಆಯ್ತಾ?’ ಎಂದು ಬಂದರೆ, ಅದು ನಮ್ಮ ನಾಡಿನಲ್ಲಿ ಯಾರು ಯಾರಿಗೆ ಬೇಕಾದರೂ ಕೇಳುವ ಮಾತೇ. ಆದರೆ ಆ ಹುಡುಗಿಗೆ ಉತ್ತರ ಕೊಟ್ಟರೆ ಸಲಿಗೆಯಾದೀತೆಂಬ ಅಳುಕು, ಕೊಡದಿದ್ದರೆ ಇಂಟರ್ನಲ್ಸ್‌ನಲ್ಲಿ ಏನಾಗುತ್ತದೋ ಎಂಬ ಭಯ. ಸರ್ ಒಳ್ಳೆಯವರೇ ಇರಬಹುದು. ಅವರ ಒಳ್ಳೆಯತನವನ್ನು ಅಳೆಯುವ ಕೆಲಸ ಹದಿನಾರರ ಮಗುವಿನದಲ್ಲ.

3. ಹಾಗೆಂದು ಸಂಪರ್ಕವನ್ನೇ ಕಡಿಯಬೇಡಿ. ಬಿಡದಿ, ಕುಂಬಳಗೋಡು ಕಡೆಯಿಂದ ಬಸ್ಸು, ಮೆಟ್ರೊ ಹಿಡಿದು ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಅವರೇ ಮೊದಲಿಗರು. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ದಿನ ಯಾವುದು, ಹಾಲ್ ಟಿಕೆಟ್ ಎಲ್ಲಿ ಸಿಗುತ್ತದೆ ಎಂದು ಅವರಿಗೆ ಹೇಳುವವರು ಶಿಕ್ಷಕರೇ. ಎರಡು ದಿನ ಹುಡುಗಿ ಬರದಿದ್ದರೆ ‘ಯಾಕಮ್ಮ ಕಳಿಸಿಲ್ಲ?’ ಎಂದು ತಾಯಿಗೆ ಫೋನ್ ಮಾಡುವ ಮೇಡಂ ಒಬ್ಬರಿಂದಲೇ ಓದು ಮುಂದುವರಿದ ಉದಾಹರಣೆಗಳಿವೆ. ಆ ಕರೆಗೆ ಸಂಸ್ಥೆಯೇ ನಂಬರ್ ಕೊಡಲಿ, ಶಿಕ್ಷಕರ ಸ್ವಂತ ಸಿಮ್ ಬಳಸುವ ಪದ್ಧತಿ ಮುಗಿಯಲಿ.

4. ಫೋಟೊ, ರೀಲ್ಸ್‌ಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಶಿಕ್ಷಕರ ಸ್ವಂತ ಖಾತೆಯಲ್ಲಿ ಮಕ್ಕಳ ಮುಖ ಕಾಣಿಸಲೇಬಾರದು. 2023ರ ಡಿಸೆಂಬರ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕಿ ಪ್ರವಾಸದಲ್ಲಿ ಹತ್ತನೇ ತರಗತಿಯ ಹುಡುಗನ ಜೊತೆ ತೆಗೆಸಿಕೊಂಡ ಫೋಟೊಗಳು ಹರಿದಾಡಿ, ಅವರು ಅಮಾನತಾದರು. ಅಮಾನತು ಸರಿಯೇ. ಆದರೆ ನೋಡಿ ನಕ್ಕವರು, ಮುಂದೆ ಕಳಿಸಿದವರು, ಆ ಹುಡುಗ ಹತ್ತನೇ ತರಗತಿಯವನು, ಮೂರು ತಿಂಗಳಲ್ಲಿ ಪರೀಕ್ಷೆ ಬರೆಯಬೇಕಾದವನು ಎಂದು ಯೋಚಿಸಿದ್ದರೇ? ಹೆಣ್ಣುಮಕ್ಕಳ ವಿಷಯದಲ್ಲಷ್ಟೇ ಅಲ್ಲ, ಗಂಡುಮಕ್ಕಳ ವಿಷಯದಲ್ಲೂ ಈ ನಿಯಮ ಅಷ್ಟೇ ಬಿಗಿಯಾಗಿರಬೇಕು. ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿನಿಯರನ್ನು ಗುಟ್ಟಾಗಿ ಮೊಬೈಲಿನಲ್ಲಿ ಸೆರೆಹಿಡಿದ ಆರೋಪ ಹೊತ್ತ ಶಿಕ್ಷಕರ ವಿರುದ್ಧದ ಪ್ರಕರಣವನ್ನು ರದ್ದುಪಡಿಸಲು 2024ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಹಾಸ್ಟೆಲ್‌ಗಳಿರುವ ಸಂಸ್ಥೆಗಳಲ್ಲಿ ಮಕ್ಕಳ ಕೋಣೆಯ ಕಡೆಗೆ ಸಿಬ್ಬಂದಿ ಮೊಬೈಲ್ ಒಯ್ಯುವಂತಿಲ್ಲ ಎಂದು ನಿಯಮ ಮಾಡಿ.

5. ನಿಯಮ ವಯಸ್ಸನ್ನು ನೋಡಬಾರದು, ವಿದ್ಯಾರ್ಥಿ ಎಂಬುದನ್ನು ನೋಡಬೇಕು. ದ್ವಿತೀಯ ಪಿಯುಸಿಯ ಒಂದೇ ಬೆಂಚಿನಲ್ಲಿ ಹದಿನೇಳರ ಹುಡುಗಿಯೂ ಹದಿನೆಂಟು ತುಂಬಿದವಳೂ ಕೂತಿರುತ್ತಾರೆ. ಪೋಕ್ಸೊ ಒಬ್ಬಳಿಗೆ ಅನ್ವಯಿಸುತ್ತದೆ, ಇನ್ನೊಬ್ಬಳಿಗಿಲ್ಲ. ಅಂಕ ಕೊಡುವವರು ಇಬ್ಬರಿಗೂ ಒಬ್ಬರೇ. ಪದವಿ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯುಜಿಸಿಯ 2015ರ ನಿಯಮಗಳಂತೆ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು, ಫೋನ್ ನಂಬರ್ ನೋಟಿಸ್ ಬೋರ್ಡಿನಲ್ಲಿರಲಿ.

6. ‘ಸಂಸ್ಥೆಯ ಮರ್ಯಾದೆ’ಯ ಹೆಸರಿನಲ್ಲಿ ರಾಜಿ ಬೇಡ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಆದರೂ ಹುಡುಗಿಗೆ ಟಿ.ಸಿ. ಕೊಟ್ಟು ಕಳಿಸುವ, ಶಿಕ್ಷಕರಿಂದ ರಾಜೀನಾಮೆ ಬರೆಸಿಕೊಂಡು ಒಳ್ಳೆಯ ಅನುಭವ ಪತ್ರ ಕೊಡುವ ಚಾಳಿಯಿದೆ. ಆ ಪತ್ರ ಹಿಡಿದು ಅವರು ಪಕ್ಕದ ಬಡಾವಣೆಯ ಶಾಲೆಗೆ ಸೇರುತ್ತಾರೆ. ಈ ಪತ್ರದಲ್ಲಿ ನಮಗೆ ಅತಿ ಮುಖ್ಯವಾದ ಬೇಡಿಕೆ ಇದೇ: ವಿಚಾರಣೆ ಬಾಕಿಯಿರುವವರಿಗೆ ಅನುಭವ ಪತ್ರ ಕೊಡಕೂಡದು, ಹೊಸದಾಗಿ ನೇಮಿಸಿಕೊಳ್ಳುವವರು ಹಿಂದಿನ ಸಂಸ್ಥೆಯಿಂದ ಲಿಖಿತ ಉತ್ತರ ಪಡೆಯಲೇಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿ ತರಗತಿಯ ಗೋಡೆಯಲ್ಲಿರಲಿ.

7. ಶಿಕ್ಷಕರಿಗೂ ರಕ್ಷಣೆ ಬೇಕು. ಪಾಠ ಮಾಡುವಾಗ ಕದ್ದು ವಿಡಿಯೊ ತೆಗೆದು ಮೀಮ್ ಮಾಡುವುದು, ಮೇಡಂ ಹೆಸರಿನಲ್ಲಿ ನಕಲಿ ಖಾತೆ ತೆರೆಯುವುದು, ರಾತ್ರಿ ಹೊತ್ತು ಮೆಸೇಜ್ ಮಾಡಿ ಕಾಡುವುದು ನಮ್ಮ ಮಕ್ಕಳೇ ಮಾಡುತ್ತಿರುವ ಕೆಲಸ. ಪೋಷಕರಾಗಿ ಅದನ್ನು ತಿದ್ದುವ ಹೊಣೆ ಹೊರುತ್ತೇವೆ. ಶಿಕ್ಷಕರ ಮೇಲೆ ದೂರು ಬಂದರೆ ಹೆಸರು ಬೀದಿಗೆ ಬಾರದಂತೆ, ನಿಗದಿತ ಅವಧಿಯೊಳಗೆ ವಿಚಾರಣೆ ಮುಗಿಯಲಿ.

8. ಅಂಕ ಕೊಡುವ ಶಿಕ್ಷಕರು ತಮ್ಮದೇ ತರಗತಿಯ ಮಕ್ಕಳಿಗೆ ಮನೆಯಲ್ಲಿ ಟ್ಯೂಷನ್ ಹೇಳುವುದು ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಶಾಲಾ ಶಿಕ್ಷಕರ ಖಾಸಗಿ ಟ್ಯೂಷನ್ನನ್ನು ಆಗಲೇ ನಿಷೇಧಿಸಿದೆ, ಜಾರಿ ಮಾಡಿ.

9. ಒಂದು ಪುಟದ ಆ ನಿಯಮದ ಕರಡನ್ನು ಪೋಷಕರು, ವಿದ್ಯಾರ್ಥಿಗಳು, ಶಿಕ್ಷಕರು ಒಟ್ಟಿಗೆ ಕೂತು ಬರೆಯಬೇಕು. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ಖಾಸಗಿ ಸಂಸ್ಥೆಗಳಲ್ಲಿ ಪೋಷಕರ ಸಭೆಯಲ್ಲಿ ಅದು ಮಂಡನೆಯಾಗಲಿ. ಮುಂದಿನ ಸಾಲಿನ ದಾಖಲಾತಿ ಶುರುವಾಗುವ ಮೊದಲು ಯಾವ ಸಂಸ್ಥೆ ಮಾಡಿದೆ, ಯಾವುದು ಮಾಡಿಲ್ಲ ಎಂಬ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಕ್ಕಳನ್ನು ಎಲ್ಲಿಗೆ ಸೇರಿಸುವುದೆಂದು ಆ ಪಟ್ಟಿ ನೋಡಿ ತೀರ್ಮಾನಿಸುತ್ತೇವೆ.

ಇಂತಿ,
ಕೆಂಗೇರಿ ಮತ್ತು ಕೆಂಗೇರಿ ಉಪನಗರದ ಪೋಷಕರು, ವಿದ್ಯಾರ್ಥಿಗಳು ಹಾಗೂ ಈ ಬೇಡಿಕೆಗಳನ್ನು ಒಪ್ಪಿದ ಶಿಕ್ಷಕರು