ದೆಹಲಿಗೆ ಹತ್ತಿರ, ಮಂಗಳೂರಿಗೆ ಸಲೀಸು: ದುಬೈ ದಾರಿಯ ಲೆಕ್ಕ

ಕಾಸರಗೋಡು: ದುಬೈಗೆ ಹತ್ತಿರ ಇರುವುದು ಮಂಗಳೂರೋ, ದೆಹಲಿಯೋ? ನೇರ ರೇಖೆಯಲ್ಲಿ ಅಳೆದರೆ ಮಂಗಳೂರಿನಿಂದ ಸುಮಾರು 2,460 ಕಿ.ಮೀ., ದೆಹಲಿಯಿಂದ ಸುಮಾರು 2,190 ಕಿ.ಮೀ. ಆದರೆ ವಿಮಾನ ಹಾರುವುದು ತೆರೆದಿರುವ ದಾರಿಯಲ್ಲಿ ಮಾತ್ರ.

ಪಹಲ್ಗಾಮ್ ದಾಳಿಯ ಬಳಿಕ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ದೆಹಲಿ-ದುಬೈ ನೇರ ರೇಖೆ ಹಾದುಹೋಗುವುದು ಆ ದೇಶದ ಮೇಲೆಯೇ. ಹೀಗಾಗಿ ದೆಹಲಿಯಿಂದ ಹೊರಟ ನಮ್ಮ ದೇಶದ ವಿಮಾನಗಳು ಗುಜರಾತಿನ ಕಡೆಗೆ ಬಂದು, ಅರಬ್ಬಿ ಸಮುದ್ರದ ಮೇಲೆ ಸುತ್ತಿ ಹೋಗಬೇಕಾಯಿತು. ಇಂಧನ, ಸಮಯ ಎರಡೂ ಹೆಚ್ಚಾದವು. ಮಂಗಳೂರಿನ ವಿಮಾನಕ್ಕೆ ಮೊದಲಿನಿಂದಲೂ ಸಮುದ್ರವೇ ದಾರಿಯಾದ್ದರಿಂದ ಆ ಸುತ್ತು ತಪ್ಪಿತು.

ಹಾಗೆಂದು ಈ ದಾರಿಗೂ ವಿಘ್ನ ಇಲ್ಲದಿಲ್ಲ. 2025ರ ಜೂನ್ 23ರಂದು ಕತಾರಿನ ಅಮೆರಿಕನ್ ಸೇನಾನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿದಾಗ, ಗಲ್ಫ್‌ನ ಹಲವು ದೇಶಗಳ ಆಕಾಶ ಕೆಲಹೊತ್ತು ಮುಚ್ಚಿತ್ತು.

ಟಿಕೆಟ್ ಓದುವಾಗಲೂ ಎಚ್ಚರ ಬೇಕು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 8ಕ್ಕೆ ಮಂಗಳೂರು ಬಿಟ್ಟು ಅಲ್ಲಿನ ಸಮಯ 10.30ಕ್ಕೆ ಇಳಿದರೆ ಪ್ರಯಾಣ ಎರಡೂವರೆ ಗಂಟೆಯದಲ್ಲ, ನಾಲ್ಕು ಗಂಟೆಯದು.

ರಜೆಯಲ್ಲಿ ಊರಿಗೆ ಬಂದವರು ವೀಸಾ ಮುಗಿಯುವ ಕೊನೆಯ ದಿನಕ್ಕೇ ಟಿಕೆಟ್ ಮಾಡಿಸಿದರೆ, ಆಕಾಶ ಕೆಲ ಗಂಟೆ ಮುಚ್ಚಿದರೂ ಕೆಲಸಕ್ಕೇ ಕುತ್ತು ಬರಬಹುದು. ಒಂದೆರಡು ದಿನ ಕೈಯಲ್ಲಿಟ್ಟುಕೊಂಡು ಹೊರಡುವುದೇ ಕ್ಷೇಮ.