ಮನೆಗಂದಾಯದ ಇಳಿತವೂ ಪೌರರ ಹಿತವೂ

ಸಂಸ್ಕೃತದ 'ಕರ' ಶಬ್ದಕ್ಕೆ ಕೈಯೆಂದೂ ಕಿರಣವೆಂದೂ ತೆರಿಗೆಯೆಂದೂ ಅರ್ಥಗಳುಂಟು. ಕೈಯು ಕೊಳ್ಳುವುದೂ ಉಂಟು, ಕೊಡುವುದೂ ಉಂಟು. ಕಿರಣವು ನೀರನ್ನು ಹೀರುವುದಾದರೂ ಮಳೆಗೆ ಅದೇ ಕಾರಣ. ಮೂರನೆಯ ಅರ್ಥದ ವಿಷಯದಲ್ಲಿ ಮಾತ್ರ ಜನರು ಕೊಳ್ಳುವುದನ್ನು ಕಾಣುವರು, ಕೊಡುವುದನ್ನು ಮರೆಯುವರು.

ಏಪ್ರಿಲ್ 1ರಿಂದ ಮೊದಲಾಗುವ ವರ್ಷಕ್ಕೆ ಪೌರಸಂಸ್ಥೆಗಳು ಆಯವ್ಯಯವನ್ನು ಸಿದ್ಧಪಡಿಸುವ ದಿನಗಳಲ್ಲಿ, ಅದರಲ್ಲಿಯೂ ಚುನಾವಣೆ ಸಮೀಪಿಸಿದಾಗ, ಮನೆಗಂದಾಯವನ್ನು ಇಳಿಸಬೇಕೆಂಬ ಕೂಗು ಏಳುವುದು ಊರೂರಿನ ವಾಡಿಕೆ. ತಿಪಟೂರಿನ ನಗರಸಭೆಯಾಗಲಿ, ಚಿಕ್ಕನಾಯಕನಹಳ್ಳಿಯ ಪುರಸಭೆಯಾಗಲಿ, ತುರುವೇಕೆರೆಯ ಪಟ್ಟಣ ಪಂಚಾಯಿತಿಯಾಗಲಿ ಇದಕ್ಕೆ ತಲೆದೂಗುವ ಮೊದಲು ಒಂದು ಪ್ರಶ್ನೆಯನ್ನು ಕೇಳತಕ್ಕದ್ದು: ಇಳಿಸುವ ಹಣದಿಂದ ನಡೆಯುತ್ತಿದ್ದ ಕೆಲಸ ಯಾವುದು, ಇನ್ನು ಮೇಲೆ ಅದನ್ನು ಮಾಡುವವರು ಯಾರು?

ಕೂಗಿಗೆ ಕಾರಣವಿಲ್ಲವೆಂದು ಹೇಳಲಾಗದು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರವು ಗೊತ್ತುಮಾಡಿದ ಬೆಂಬಲ ಬೆಲೆಯು ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರಿನ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಾದರೋ ಧಾರಣೆಯು ಬೆಂಬಲ ಬೆಲೆಯ ಇಮ್ಮಡಿಯನ್ನೂ ಮೀರಿತು. ಮನೆಗಂದಾಯವು ಈ ಏರಿಳಿತವನ್ನು ಅರಿಯದು. 2021ರ ತಿದ್ದುಪಡಿಯ ತರುವಾಯ ಅದು ಮಾರ್ಗಸೂಚಿ ಬೆಲೆಗೆ ಕಟ್ಟುಬಿದ್ದು, ವರ್ಷಂಪ್ರತಿ ನೂರಕ್ಕೆ 3ರಿಂದ 5ರಷ್ಟು ಏರುವಂತಾಯಿತು. ಮನೆಯೊಂದನ್ನುಳಿದು ಬೇರಾವ ವರಮಾನವೂ ಇಲ್ಲದ ವೃದ್ಧೆಗೆ ಇದು ಭಾರವೇ ಸರಿ. ಆದರೆ ಒಬ್ಬಳ ಭಾರವನ್ನು ಇಳಿಸಲು ಊರಿಗೆಲ್ಲ ಇಳಿಸುವುದು ನ್ಯಾಯವೆ?

ಲೆಕ್ಕವನ್ನು ನೋಡಿರಿ. ಆ ವೃದ್ಧೆಯ ಮನೆಗೆ 800 ರೂಪಾಯಿ, ಪೇಟೆಯ ದೊಡ್ಡ ಮಂಡಿಯ ಕಟ್ಟಡಕ್ಕೆ 40,000 ರೂಪಾಯಿ ಕಂದಾಯವೆಂದು ಇಟ್ಟುಕೊಳ್ಳೋಣ. ಕಾಲುಭಾಗವನ್ನು ಇಳಿಸಿದರೆ ಆಕೆಗೆ ಉಳಿಯುವುದು 200, ಮಂಡಿಗೆ 10,000. ಬಾಡಿಗೆಯ ಮನೆಯವನಿಗೆ ದೊರೆಯುವುದು ಶೂನ್ಯ. ಕಂದಾಯ ಇಳಿಯಿತೆಂದು ಬಾಡಿಗೆ ಇಳಿಸುವ ಯಜಮಾನನು ಎಲ್ಲಿದ್ದಾನೆ? ಬೀದಿಯ ದೀಪ ಆರಿದರೆ, ನಲ್ಲಿ ಒಣಗಿದರೆ ಮೊದಲು ಕಷ್ಟಪಡುವವರು ಮಾತ್ರ ಆ ವೃದ್ಧೆಯೂ ಬಾಡಿಗೆಯವನೂ. ಮಂಡಿಯವನು ಕೊಳವೆಬಾವಿಯನ್ನು ತೋಡಿಸಬಲ್ಲನು.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ವರ್ಷ ಮರಕ್ಕೆ ನೀರು ಗೊಬ್ಬರಗಳನ್ನು ನಿಲ್ಲಿಸಿದವನಿಗೆ ಈ ವರ್ಷ ಲಾಭವೇ ಕಾಣುವುದು. ಗೊನೆಗಳು ಮೊದಲೇ ಕಟ್ಟಿರುತ್ತವೆ. ಪೆಟ್ಟು ತಿಳಿಯುವುದು ಎರಡು ಮೂರು ವರ್ಷಗಳ ಮೇಲೆ, ಹೊಂಬಾಳೆ ಬಡವಾಗಿ ಹರಳು ಉದುರುವಾಗ. ಚರಂಡಿ, ಕೊಳಾಯಿ, ಈಚನೂರು ಕೆರೆಯಿಂದ ತಿಪಟೂರಿಗೆ ನೀರೆತ್ತುವ ಯಂತ್ರ, ಇವುಗಳ ಪಾಡೂ ಹಾಗೆಯೇ. ಕಂದಾಯ ಇಳಿಸಿದವರು ಹಾರ ಹಾಕಿಸಿಕೊಂಡು ಹೋದ ಮೇಲೆ ಯಂತ್ರವು ಕೆಡುವುದು. ಬೈಗುಳ ಬೀಳುವುದು ಅನಂತರ ಬಂದವರಿಗೆ.

ಈ ಪತ್ರಿಕೆಯನ್ನು ಓದುವ ಮನೆಗಳಿಗೆ ಇನ್ನೊಂದು ನಷ್ಟವುಂಟು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಮನೆಗಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವು ಸೇರುತ್ತದೆ. ಕಂದಾಯವು 1,000 ರೂಪಾಯಿಯಿಂದ 750ಕ್ಕೆ ಇಳಿದರೆ ಪುಸ್ತಕದ ಪಾಲು 60ರಿಂದ 45ಕ್ಕೆ ಇಳಿಯುವುದು. ಕಂದಾಯದ ಇಳಿತಕ್ಕೆ ಚಪ್ಪಾಳೆ ತಟ್ಟುವ ಕೈಯೇ ಮಕ್ಕಳ ವಾಚನಾಲಯದ ಬಾಗಿಲನ್ನು ಅರ್ಧ ಮುಚ್ಚಿದಂತಾಗುವುದು.

"ಸರ್ಕಾರದ ಅನುದಾನವಿಲ್ಲವೆ?" ಎನ್ನುವರು. ಊರಿಗೆ ಬರುವ ಸರಕಿನ ಮೇಲಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕದಲ್ಲಿ 1979ರಲ್ಲಿ ತೆಗೆದುಹಾಕಲಾಯಿತು. ಸುಂಕದ ಕಟ್ಟೆಯ ಕಿರುಕುಳ ತಪ್ಪಿದುದು ಒಳ್ಳೆಯದೇ; ಆದರೆ ಪುರಸಭೆಗಳು ತಮ್ಮದೇ ಆದ ಗಳಿಕೆಯನ್ನು ಕಳೆದುಕೊಂಡು ಅನುದಾನಕ್ಕೆ ಕೈಯೊಡ್ಡುವಂತಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದವರು 1978ರಲ್ಲಿ ಮತದಾನದಿಂದ ಆಸ್ತಿ ತೆರಿಗೆಯನ್ನು ಬೆಲೆಯ ನೂರಕ್ಕೆ 1ಕ್ಕೆ ಮಿತಿಗೊಳಿಸಿದರು. ಅದರ ಉತ್ಪತ್ತಿಯು ಅರ್ಧಕ್ಕೂ ಕೆಳಗಿಳಿದು, ಊರುಗಳ ಹಣದ ಬೀಗದಕೈ ರಾಜ್ಯದ ರಾಜಧಾನಿಯನ್ನು ಸೇರಿತು. ಅನುದಾನವೂ ಸುಮ್ಮನೆ ಬರತಕ್ಕದ್ದಲ್ಲ. 2021ರಿಂದ 2026ರ ಅವಧಿಗೆ 15ನೆಯ ಹಣಕಾಸು ಆಯೋಗವು, ಆಸ್ತಿ ತೆರಿಗೆಗೆ ಕನಿಷ್ಠ ದರವನ್ನು ಗೊತ್ತುಪಡಿಸಿ, ರಾಜ್ಯದ ಉತ್ಪನ್ನ ಬೆಳೆದಂತೆ ವಸೂಲಿಯನ್ನೂ ಬೆಳೆಸಿದರೆ ಮಾತ್ರ ನಗರಗಳಿಗೆ ಅನುದಾನವೆಂದು ವಿಧಿಸಿತು. ಸ್ವಂತ ಬಾವಿಯನ್ನು ಮುಚ್ಚಿದವನಿಗೆ ನೆರೆಮನೆಯ ನೀರೂ ತಪ್ಪಬಹುದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪಟ್ಟಣಗಳಿಗೆ ಸ್ವಯಮಾಡಳಿತದ ಗೌರವವನ್ನಿತ್ತಿತು. ಬರಿದಾದ ಬೊಕ್ಕಸಕ್ಕೆ ಸ್ವಯಮಾಡಳಿತವೆಲ್ಲಿಯದು?

"ಕೊಟ್ಟ ಹಣ ಪೋಲಾಗುವಾಗ ಏಕೆ ಕೊಡಬೇಕು?" ಎಂಬುದು ಪ್ರಬಲವಾದ ಆಕ್ಷೇಪ. ಪೋಲಾಗುವುದು ನಿಜವಿದ್ದರೆ ಅದು ಖಂಡನೀಯವೇ. ಆದರೆ ತೋಟಕ್ಕೆ ಕಳ್ಳರು ಬಿದ್ದರೆ ಬೇಲಿ ಕಟ್ಟಿ ಕಾವಲಿಡುವರಲ್ಲದೆ ಮರಕ್ಕೆ ನೀರು ನಿಲ್ಲಿಸುವವರು ಯಾರು? ಕಾವಲೆಂದರೆ ಇಷ್ಟೇ: ಖರ್ಚಿನ ಪಟ್ಟಿಯನ್ನು ವಾರ್ಡುವಾರಾಗಿ ಬರೆದು ಕಣ್ಣಿಗೆ ಬೀಳುವಲ್ಲಿ ಅಂಟಿಸುವುದು; ಅಳತೆಗೆ ಸಿಕ್ಕದ ಕಟ್ಟಡಗಳನ್ನು ಅಳೆಯುವುದು; ಸಿರಿವಂತರ ಬಾಕಿಯನ್ನು ಮೊದಲು ವಸೂಲು ಮಾಡುವುದು; ನಿಜವಾಗಿ ಅಶಕ್ತರಾದವರ ಮನೆಮನೆಯನ್ನೂ ವಿಚಾರಿಸಿ, ಕಾಯಿದೆಯು ಎಡೆಗೊಡುವಷ್ಟು ರಿಯಾಯಿತಿಯನ್ನು ಅವರಿಗೇ ದೊರಕಿಸುವುದು. ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ನೂರಕ್ಕೆ 5ರ ವಿನಾಯಿತಿ ಈಗಲೂ ಇದ್ದೇ ಇದೆ.

ಇಷ್ಟಾದ ಮೇಲೂ ಇಳಿಸಲೇಬೇಕೆನ್ನುವ ಸದಸ್ಯರಿದ್ದರೆ ಅವರಿಗೊಂದು ನಿಯಮವಿರಲಿ. ಇಳಿಸುವ ಮೊತ್ತದ ಎದುರಿಗೆ, ಅದೇ ಹಾಳೆಯಲ್ಲಿ, ನಿಲ್ಲಿಸುವ ಕೆಲಸದ ಹೆಸರನ್ನು ಬರೆಯತಕ್ಕದ್ದು: ಯಾವ ಬೀದಿಯ ದೀಪ, ಯಾವ ಕೇರಿಯ ನೀರು, ಯಾವ ವಾಚನಾಲಯದ ಪುಸ್ತಕ. ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ಕೆಳಗೆ ರುಜು ಹಾಕತಕ್ಕದ್ದು. ಅದಕ್ಕೆ ಧೈರ್ಯ ಸಾಲದಿದ್ದರೆ ಇಳಿತದ ಮಾತನ್ನು ಎತ್ತದಿರುವುದೇ ಲೇಸು.