ಶೆಡ್ಡಿನ ಪದ್ಮಿನಿಗೆ ಕಾನೂನಿನಲ್ಲೂ ಜಾಗ ಬೇಕು

ಮುಂಬೈನ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿದ್ದು 2023ರ ಅಕ್ಟೋಬರ್ ಕೊನೆಯಲ್ಲಿ. ಕಪ್ಪು–ಹಳದಿ ಕಾರಿನ ಕುರಿತು ಪತ್ರಿಕೆಗಳಲ್ಲಿ ನೆನಪುಗಳ ಮಳೆಯೇ ಸುರಿಯಿತು. ಆ ಗದ್ದಲದಲ್ಲಿ ಯಾರೂ ಹೆಚ್ಚು ಗಮನಿಸದ ಸಂಗತಿ ಬಿಡಿಭಾಗಗಳದ್ದು. ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನಲ್ಲೇ ನಿಂತಿತ್ತು. ಆದರೂ ಬ್ರೇಕ್ ಶೂ, ವಾಟರ್ ಪಂಪ್, ಕ್ಲಚ್ ಪ್ಲೇಟ್ ಮಾಡಿ ಮಾರುವವರಿಗೆ ಟ್ಯಾಕ್ಸಿಗಳ ಗಿರಾಕಿ ಖಾಯಂ ಆಗಿತ್ತು. ಆ ಗಿರಾಕಿ ಹೋದಮೇಲೆ ಉಳಿದದ್ದು ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಕಾರುಗಳು, ಮತ್ತು ಅವನ್ನು ಭಾನುವಾರಗಳಲ್ಲಿ ಬಿಚ್ಚಿ ಕೂಡಿಸುವ ಹವ್ಯಾಸಿಗಳು.

ಇಂಥವರು ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಕೈಯಲ್ಲೊಂದು ಸವೆದ ಭಾಗ ಹಿಡಿದು ಅದರ ಜೋಡಿ ಹುಡುಕುವವರನ್ನು ಈಗಲೂ ಕಾಣಬಹುದು. ಸಿಗದಿದ್ದರೆ ಲೇತ್ ಅಂಗಡಿಯೇ ಗತಿ. ಹಣವಂತ ಸಂಗ್ರಾಹಕರ ಮಾತು ಬೇರೆ. ಅವರ ರೋಲ್ಸ್ ರಾಯ್ಸ್‌ಗೆ ಪರಿಣತ ಕೆಲಸಗಾರರಿದ್ದಾರೆ, ರ‍್ಯಾಲಿಗಳಿವೆ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸೊಗಸಾದ ಸಂಗ್ರಹಾಲಯವೂ ಇದೆ. ನಾನು ಹೇಳಹೊರಟಿರುವುದು ಅಪ್ಪ ಓಡಿಸುತ್ತಿದ್ದ 1985ರ ಪದ್ಮಿನಿಯನ್ನೋ ಅಂಬಾಸಿಡರನ್ನೋ ಮತ್ತೆ ರಸ್ತೆಗಿಳಿಸಲು ಹೊರಟವರ ಬಗ್ಗೆ. ನಮ್ಮ ಕಾನೂನಿಗೆ ಎರಡು ಬಗೆಯ ಹಳೆಯ ಕಾರುಗಳು ಮಾತ್ರ ಸರಿಯಾಗಿ ಅರ್ಥವಾಗುತ್ತವೆ: ಪ್ರದರ್ಶನಕ್ಕಿಡುವ ಕಾರು, ಗುಜರಿಗೆ ಹಾಕುವ ಕಾರು. ನಡುವಿನದಕ್ಕೆ ಜಾಗವಿಲ್ಲ.

ಮೊದಲು ನಿಯಮಗಳನ್ನು ನೋಡೋಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಎಂಬ ಗುರುತು. ಒಳ್ಳೆಯದೇ. ಆದರೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ರಸ್ತೆಗಿಳಿಸುವುದು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನದಂಥ ಕಾರಣಗಳಿಗೆ ಮಾತ್ರ. ಪದ್ಮಿನಿ ಎಂಬ ಹೆಸರು ಬಂದದ್ದೇ 1974ರಲ್ಲಿ. ಹಾಗಾಗಿ ಬಹುಪಾಲು ಪದ್ಮಿನಿಗಳು ಇನ್ನೂ ಈ ಗೌರವಕ್ಕೆ ಅರ್ಹವಲ್ಲ. 1985ರ ಕಾರು 2035ರವರೆಗೆ ಕಾಯಬೇಕು.

ಅಲ್ಲಿಯವರೆಗೆ ಅದು ಬರೀ ಹಳೆಯ ಕಾರು. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಹಳೆಯ ವಾಹನ ಇಟ್ಟುಕೊಳ್ಳುವುದೇ ದುಬಾರಿಯಾದರೆ ಜನ ತಾವಾಗಿಯೇ ಗುಜರಿಗೆ ಕೊಡುತ್ತಾರೆ ಎಂಬ ಲೆಕ್ಕ ಇದರ ಹಿಂದಿದೆ. ದಿನಕ್ಕೆ ನೂರಾರು ಕಿಲೊಮೀಟರ್ ಓಡಿ ಹೊಗೆಯುಗುಳುವ ಲಾರಿಯ ವಿಷಯದಲ್ಲಿ ಈ ಲೆಕ್ಕ ಸರಿ. ತಿಂಗಳಿಗೊಮ್ಮೆ ಊರಾಚೆ ಒಂದು ಸುತ್ತು ಹೋಗಿ ಬರುವ ಕಾರಿಗೂ ಅದನ್ನೇ ಹಚ್ಚುವುದು ಯಾವ ನ್ಯಾಯ?

ಶುಲ್ಕಕ್ಕಿಂತ ದೊಡ್ಡ ತೊಡಕು ಮಾರ್ಪಾಡಿನದ್ದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಸೇರಿತು: ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಿವಿಗಡಚಿಕ್ಕುವ ಸೈಲೆನ್ಸರು, ಎದುರು ಬರುವವನ ಕಣ್ಣು ಕುಕ್ಕುವ ದೀಪ, ರಸ್ತೆಯರ್ಧ ನುಂಗುವ ಅಗಲದ ಟೈರು ಇವೆಲ್ಲ ಕಂಡವರಿಗೆ ಈ ಕಠಿಣತೆ ಬೇಕೆನಿಸುವುದು ಸಹಜ. ನನ್ನ ತಕರಾರು ಇರುವುದು ಕಠಿಣತೆಯ ಬಗ್ಗೆ ಅಲ್ಲ. ಒಳ್ಳೆಯ ಮಾರ್ಪಾಡು, ಕೆಟ್ಟ ಮಾರ್ಪಾಡು ಎಂಬ ಭೇದವನ್ನೇ ಅದು ಕಾಣದಿರುವ ಬಗ್ಗೆ.

ಪದ್ಮಿನಿಯ ಒಳಗೇನಿದೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಇಟಲಿಯ ಫಿಯಟ್ 1100ರ ದೇಸಿ ರೂಪ ಇದು. 1089 ಸಿಸಿ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಹಿಂದೆ ಪಟ್ಟಿ ಸ್ಪ್ರಿಂಗು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಹಳೆಯ ಫಿಯಟ್‌ಗಳಲ್ಲಿ ಬ್ರೇಕಿಗೆ ಒಂದೇ ಹೈಡ್ರಾಲಿಕ್ ಸರ್ಕ್ಯೂಟು. ಎಲ್ಲಾದರೊಂದು ಕಡೆ ಹೋಸು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಗುತ್ತದೆ. ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದು 1994ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಕಾರುಗಳಲ್ಲಿ ಬೆಲ್ಟೇ ಇಲ್ಲ. ಇಂಥ ಕಾರನ್ನು ‘ಮೂಲರೂಪ’ದಲ್ಲೇ ಇಂದಿನ ಬೆಂಗಳೂರು–ಮೈಸೂರು ಹೆದ್ದಾರಿಗೆ ಬಿಡುವುದು ಸುರಕ್ಷಿತ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಮೂರು ಕಡೆ ಬಿಗಿಯುವ ಬೆಲ್ಟ್ ಹಾಕುವುದು ಸಂಶಯಾಸ್ಪದ ಎನ್ನುವುದಾದರೆ ನಾವು ಕಾಪಾಡುತ್ತಿರುವುದು ಯಾರನ್ನು?

ಮೂಲರೂಪದಲ್ಲೇ ಇರಲಿ ಎಂದು ಬಯಸುವ ಸರ್ಕಾರವೇ ಮಾರ್ಪಾಡನ್ನು ಅನಿವಾರ್ಯ ಮಾಡಿದೆ ಎಂಬುದು ಇನ್ನೊಂದು ತಮಾಷೆ. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಆರೋಗ್ಯದ ದೃಷ್ಟಿಯಿಂದ ಅದು ಬಹಳ ಮೊದಲೇ ಬರಬೇಕಿತ್ತು. ಆದರೆ ಅಂಬಾಸಿಡರ್‌ನಂಥ ಬೀಡು ಕಬ್ಬಿಣದ ಹೆಡ್ ಇರುವ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗಕ್ಕೆ ಸೀಸವೇ ರಕ್ಷೆಯಾಗಿತ್ತು. ಅದಿಲ್ಲದೆ ಸೀಟು ಬೇಗ ಸವೆಯುತ್ತದೆ, ಗಟ್ಟಿ ಲೋಹದ ಸೀಟು ಕೂರಿಸಬೇಕಾಗುತ್ತದೆ. ಈಗ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ತಗಡಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ಗ್ಯಾಸ್ಕೆಟ್, ಪೈಪುಗಳನ್ನು ಹೊಸ ಬಗೆಯ ರಬ್ಬರಿನಲ್ಲಿ ಹಾಕಿಸಿ, ಜೆಟ್ಟನ್ನೂ ತುಸು ದೊಡ್ಡದು ಮಾಡಿದರೆ ಮಾತ್ರ ಎಂಜಿನ್ ನೆಮ್ಮದಿಯಾಗಿ ಓಡೀತು. 1985ರಲ್ಲಿ ಕಂಪನಿ ಕೊಟ್ಟ ವಿವರಗಳಲ್ಲಿ ಇದ್ಯಾವುದೂ ಇರಲಿಲ್ಲ.

ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಲು ನಿಯಮಗಳಲ್ಲಿ ದಾರಿಯಿದೆ. ಎಂಜಿನ್ನನ್ನೇ ಕಿತ್ತು ಬ್ಯಾಟರಿ, ಮೋಟಾರು ಕೂರಿಸುವ ಎಲೆಕ್ಟ್ರಿಕ್ ಪರಿವರ್ತನೆಗೂ ಪರೀಕ್ಷೆಯಾದ ಕಿಟ್, ಅಧಿಕೃತ ಜೋಡಣೆಗಾರ ಎಂಬ ವ್ಯವಸ್ಥೆಯಿದೆ. ಅಂದರೆ ಕಾರಿನ ಹೃದಯ ಬದಲಿಸಲು ಒಂದು ವಿಧಾನ ಉಂಟು. ಬ್ರೇಕು ಸುಧಾರಿಸಲು ಹೊರಟ ಮನೆಯ ಹವ್ಯಾಸಿಗೆ ಹೀಗೆ ಮಾಡು, ಇಲ್ಲಿ ತೋರಿಸು, ಈ ಚೀಟಿ ಪಡೆ ಎಂದು ಹೇಳುವ ಸರಳ ವಿಧಾನವಿಲ್ಲ. ಹೀಗಾಗಿ ಅವನು ಮಾಡುವುದನ್ನು ಮಾಡಿ ಸುಮ್ಮನಾಗುತ್ತಾನೆ. ಪರೀಕ್ಷೆಗೇ ಬಾರದ ಕೆಲಸ ಚೆನ್ನಾಗಿದ್ದರೂ, ಕೆಟ್ಟದಾಗಿದ್ದರೂ ರಸ್ತೆಗಂತೂ ಬರುತ್ತದೆ. ಅಪಘಾತವಾದ ದಿನ ವಿಮಾ ಕಂಪನಿ ಪ್ರಶ್ನೆ ಎತ್ತಿದರೆ ಉತ್ತರಿಸಲು ಕಾಗದವಿರುವುದಿಲ್ಲ.

ಹಾಗೆಂದು ಹವ್ಯಾಸಿಗಳೆಲ್ಲ ವಿವೇಕಿಗಳು ಎಂದು ವಾದಿಸಲಾರೆ. ಈ ಲೋಕದ ದೊಡ್ಡ ಚಪಲ ಎಂಜಿನ್ ಬದಲಿಸುವುದು. ಬೇರೆ ಕಂಪನಿಯ ದುಪ್ಪಟ್ಟು ಶಕ್ತಿಯ ಎಂಜಿನ್ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬಿಲ್ಲು ಇರುವುದಿಲ್ಲ, ಅದು ಯಾವ ಕಾರಿನಿಂದ ಬಂತು ಎಂದು ಮಾರುವವನೂ ಹೇಳುವುದಿಲ್ಲ. ಕದ್ದ ವಾಹನಗಳ ಭಾಗಗಳು ಕರಗಿಹೋಗುವುದು ಇಂಥ ಜಾಗಗಳಲ್ಲೇ. ನಲವತ್ತು ಅಶ್ವಶಕ್ತಿಗೆಂದು ಮಾಡಿದ ಡ್ರಮ್ಮು, ಸ್ಟೀರಿಂಗು, ಆಕ್ಸೆಲ್ಲುಗಳ ಮೇಲೆ ಎಂಬತ್ತರ ಹೊರೆ ಹೊರಿಸುವುದು ಶುದ್ಧ ಅವಿವೇಕ. ಆರ್‌ಟಿಒ ಇಂಥದ್ದನ್ನು ತಡೆದರೆ ನಾನು ಆರ್‌ಟಿಒ ಪರ.

ಇನ್ನೊಂದು ಚಪಲ ಬಣ್ಣದ್ದು. ಪದ್ಮಿನಿಗೆ ಅಂಬಾಸಿಡರ್ ಹಾಗೂ ಇಂದಿನ ಬಹುತೇಕ ಕಾರುಗಳಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ, ನೆಲದ ತಗಡು, ಸ್ಪ್ರಿಂಗು ಕೂರುವ ಜಾಗ ತುಕ್ಕು ಹಿಡಿದರೆ ಕಾರು ತನ್ನ ಬಲವನ್ನೇ ಕಳೆದುಕೊಳ್ಳುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿ ಕುಡಿದ ಕಾರುಗಳಲ್ಲಂತೂ ಮೇಲೆ ಮಿರುಗುವ ಬಣ್ಣ, ಒಳಗೆ ಬೆರಳು ತೂರುವ ತೂತು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದನ್ನು ‘ರೆಸ್ಟೊರೇಷನ್’ ಎಂದು ಕರೆದು ಮಾರುವವರಿದ್ದಾರೆ. ಕೊಳ್ಳುವವರೂ ಇದ್ದಾರೆ. ಬೆಲ್ಟ್ ಹಾಕುವಾಗಲೂ ಹೀಗೇ: ಬೋಲ್ಟನ್ನು ತೆಳು ತಗಡಿಗೆ ಬಿಗಿದರೆ ಡಿಕ್ಕಿಯಾದಾಗ ತಗಡಿನೊಂದಿಗೇ ಕಿತ್ತುಬರುತ್ತದೆ, ಹಿಂದೆ ದಪ್ಪ ಪಟ್ಟಿ ಬೆಸೆದಿರಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಮಲಗುವುದು, ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲೇ ವೆಲ್ಡಿಂಗ್ ಮಾಡುವುದು, ಆಸ್ಬೆಸ್ಟಾಸ್ ಇರಬಹುದಾದ ಹಳೆಯ ಬ್ರೇಕ್ ಶೂಗಳ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಇವೆಲ್ಲ ಪ್ರಾಣಕ್ಕೇ ಬರುವ ಕೆಲಸಗಳು.

ಈ ಗೋಜಲನ್ನು ಬೇರೆ ದೇಶಗಳು ಹೇಗೆ ಬಿಡಿಸಿಕೊಂಡಿವೆ? ಬ್ರಿಟನ್ನಿನಲ್ಲಿ ಬಹುಕಾಲ ಅಂಕಗಳ ಪದ್ಧತಿಯೊಂದಿತ್ತು. ಮೂಲ ಚಾಸಿ ಅಥವಾ ಬಾಡಿಗೆ 5 ಅಂಕ. ಸಸ್ಪೆನ್ಷನ್, ಆಕ್ಸೆಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2. ಎಂಜಿನ್‌ಗೆ ಬರೀ 1. ಎಂಟು ಅಂಕ ಉಳಿಸಿಕೊಂಡರೆ ಕಾರಿನ ಮೂಲ ನಂಬರು ಉಳಿಯುತ್ತಿತ್ತು. ಜರ್ಮನಿಯಲ್ಲಿ 30 ವರ್ಷ ದಾಟಿದ, ಸುಸ್ಥಿತಿಯಲ್ಲಿರುವ ಕಾರಿಗೆ ತಜ್ಞರ ಪರೀಕ್ಷೆಯ ನಂತರ ನಂಬರಿನ ಕೊನೆಗೆ ‘ಎಚ್’ ಅಕ್ಷರ ಸಿಗುತ್ತದೆ. ಆ ಕಾಲಕ್ಕೆ ಒಪ್ಪುವ ಮಾರ್ಪಾಡುಗಳಿಗೆ ಅಲ್ಲಿ ಅಡ್ಡಿಯಿಲ್ಲ, ಆ ಕಾರನ್ನು ದಿನವೂ ಓಡಿಸಬಹುದು. ಎರಡೂ ಪದ್ಧತಿಗಳ ತಿರುಳು ಯಾವ ಬದಲಾವಣೆ ಎಷ್ಟು ದೊಡ್ಡದು ಎಂದು ಅಳೆಯುವುದು.

ಹಳೆಯ ಕಾರಿನ ಹೊಗೆಯ ವಾದಕ್ಕೂ ಉತ್ತರ ಕೊಡಬೇಕು. ಕಾರ್ಬುರೇಟರ್ ಎಂಜಿನ್ ಪ್ರತಿ ಕಿಲೊಮೀಟರಿಗೆ ಇಂದಿನ ಕಾರಿಗಿಂತ ಬಹಳ ಹೆಚ್ಚು ಮಲಿನ ಮಾಡುತ್ತದೆ, ನಿರಾಕರಿಸಿ ಪ್ರಯೋಜನವಿಲ್ಲ. ವರ್ಷಕ್ಕೆ ಇಂತಿಷ್ಟೇ ಕಿಲೊಮೀಟರ್ ಎಂದು ಮಿತಿ ಹಾಕಲಿ, ಎಫ್‌ಸಿಗೆ ಬಂದಾಗ ಮೀಟರ್ ನೋಡಲಿ. ನಿಜವಾದ ಹವ್ಯಾಸಿ ಬೇಡವೆನ್ನಲಾರ.

ಆಗಬೇಕಾದ್ದು ಇಷ್ಟು. ವಿಂಟೇಜ್ ನಿಯಮಗಳ ಕೆಳಗೆ 30 ವರ್ಷ ದಾಟಿದ ಖಾಸಗಿ ಕಾರುಗಳಿಗೆ ಇನ್ನೊಂದು ವರ್ಗವನ್ನು ಕೇಂದ್ರ ಸಾರಿಗೆ ಸಚಿವಾಲಯ ಸೇರಿಸಬೇಕು. ಬ್ರೇಕು, ಬೆಲ್ಟು, ದೀಪ, ಇಗ್ನಿಷನ್, ಇಂಧನದ ಪೈಪುಗಳಂಥ ಸುರಕ್ಷತೆಯ ಮಾರ್ಪಾಡುಗಳ ಪಟ್ಟಿ ಪ್ರಕಟಿಸಿ, ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸುವ ಕೆಲಸವನ್ನು ರಾಜ್ಯಗಳಿಗೆ ಬಿಡಬೇಕು. ನಮ್ಮ ಸಾರಿಗೆ ಇಲಾಖೆ ಇದಕ್ಕೆ ಐಟಿಐ, ಎಂಜಿನಿಯರಿಂಗ್ ಕಾಲೇಜುಗಳ ಆಟೊಮೊಬೈಲ್ ವಿಭಾಗಗಳ ನೆರವು ಪಡೆಯಬಹುದು. ಕಾರ್ಬುರೇಟರ್ ಟ್ಯೂನಿಂಗನ್ನು ಕಿವಿಯಿಂದಲೇ ಮಾಡಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರ ಬಳಿ ಕಲಿಯಲು ಒಂದು ನೆಪವಾದರೂ ಹುಡುಗರಿಗೆ ಸಿಕ್ಕೀತು.

ನಿಯಮ ಬದಲಾಗುವವರೆಗೆ ಶೆಡ್ಡಿನ ಕಾರಿಗೆ ಕೈಹಾಕುವವರು ಮೊದಲು ಬ್ರೇಕು, ಆಮೇಲೆ ನೆಲದ ತಗಡು, ಎಲ್ಲಕ್ಕೂ ಕೊನೆಗೆ ಎಂಜಿನ್ ಮತ್ತು ಬಣ್ಣ ಎಂದಿಟ್ಟುಕೊಳ್ಳಿ. ಪಾನಾ ಹಿಡಿಯುವ ಮುನ್ನ ಆರ್‌ಸಿ ತೆಗೆದು ಅದರ ಅವಧಿ ನೋಡಿ, ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಕಾರಿನ ಮೇಲಿರುವುದಕ್ಕೆ ತಾಳೆಯಾಗುತ್ತದೆಯೇ ಪರೀಕ್ಷಿಸಿ. ಗುಜರಿಯಲ್ಲಿ ಕೊಂಡ ಪ್ರತಿ ಭಾಗಕ್ಕೂ ಬಿಲ್ಲು ಕೇಳಿ ಪಡೆಯಿರಿ.